ಆರುವುದು ಕಂಪ್ಯೂಟರ್, ಬರಿದಾಗುವುದು ನಮ್ಮ ಜೇಬು!

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರೆಸ್ಸಿನ ಬಂಧುಗಳೇ, ಡಿಟಿಪಿ ಅಂಗಡಿಯ ತಮ್ಮಂದಿರೇ,

ಮದುವೆ ಹಂಗಾಮು ಬಂತೆಂದರೆ ನಮ್ಮೆಲ್ಲರದೂ ಒಂದೇ ಗೋಳು. ಕೊರಲ್‌ಡ್ರಾದಲ್ಲಿ ದೊಡ್ಡ ಬ್ಯಾನರ್ ತೆರೆದು ಪಿಡಿಎಫ್ ಮಾಡಲು ಕೊಟ್ಟರೆ ಸಾಕು, ಕಂಪ್ಯೂಟರ್ ಟಪ್ಪೆಂದು ಆರುತ್ತದೆ. ಬರೀ ಟೈಪ್ ಮಾಡುವಾಗ ದಿನವಿಡೀ ನಡೆಯುವ ಯಂತ್ರ, ಭಾರದ ಕೆಲಸಕ್ಕೆ ಮಾತ್ರ ಕೈಕೊಡುತ್ತದೆ. ಗಿರಾಕಿ ಕಾಯುತ್ತಾನೆಯೇ? ಆಳಂದದವನು ಸೊಲ್ಲಾಪುರದ ಬಸ್ಸು ಹತ್ತುತ್ತಾನೆ, ಜೇವರ್ಗಿಯವನು ಕಲಬುರಗಿಯ ಬಸ್ಸು. ನಮ್ಮೂರ ಕೆಲಸ ಊರು ಬಿಟ್ಟಿತು!

ರಿಪೇರಿಯವರನ್ನು ಕರೆದರೆ ಎರಡೇ ಮಾತು: "ವೈರಸ್ ಬಂದದ, ವಿಂಡೋಸ್ ಹೊಸದು ಹಾಕಬೇಕು", ಇಲ್ಲವೇ "ಮದರ್‌ಬೋರ್ಡ್ ಹೋಗ್ಯದ". ನನ್ನ ಪ್ರೆಸ್ಸಿಗೆ ಬಂದವನೊಬ್ಬ ಪೆಟ್ಟಿಗೆಯ ಸ್ಕ್ರೂ ಕೂಡ ಬಿಚ್ಚದೆ ಮದರ್‌ಬೋರ್ಡಿನ ರೇಟು ಹೇಳಿದ! ನಾಡಿ ಹಿಡಿಯದೆ ಔಷಧಿ ಬರೆಯುವ ವೈದ್ಯನನ್ನು ನಂಬುತ್ತೀರಾ? ಇವರನ್ನೇಕೆ ನಂಬುತ್ತೀರಿ?

ಭಾರ ಬಿದ್ದಾಗ ಮಾತ್ರ ಆರುವ ಕಂಪ್ಯೂಟರಿಗೆ ಹೆಚ್ಚಿನ ಸಲ ಕಾರಣ ಎರಡೇ. ಒಂದು ಬಿಸಿ, ಇನ್ನೊಂದು ವಿದ್ಯುತ್ತಿನ ಕೊರತೆ.

ಮೊದಲು ಬಿಸಿ. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋದರೆ ಮೊದಲು ವೇಗ ಇಳಿಸುತ್ತದೆ. ಅದಕ್ಕೂ ಮೀರಿದರೆ ಸುಟ್ಟುಹೋಗದಂತೆ ತಾನೇ ಆರಿಕೊಳ್ಳುತ್ತದೆ. ಅದು ರೋಗವಲ್ಲ, ಆತ್ಮರಕ್ಷಣೆ! ನಮ್ಮ ಕಡೆ ಬ್ಯಾಸಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಅಂಗಡಿಯೊಳಗೆ ಆ ಸಣ್ಣ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಅದರ ಮೇಲೆ ರಸ್ತೆಯ ಧೂಳು, ಕಾಗದದ ಹೊಟ್ಟು. ಮೇನ್ ಸ್ವಿಚ್ ಆರಿಸಿ, ವೈರು ಕಿತ್ತು, ಪೆಟ್ಟಿಗೆ ಬಿಚ್ಚಿ ನೋಡಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಬ್ಲೋವರಿನಿಂದ ಧೂಳು ಊದಿ. ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಸುಣ್ಣವಾಗಿದ್ದರೆ ಒರೆಸಿ ಹೊಸದು ಹಚ್ಚಿ. ಬಿಸಿ ಎಷ್ಟಿದೆಯೆಂದು ತೋರಿಸುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಕೆಲಸ ನಡೆಯುವಾಗಲೇ ನೋಡಿ.

ಎರಡನೆಯದು ವಿದ್ಯುತ್ತು. ಭಾರ ಬಿದ್ದ ಕ್ಷಣವೇ ಆರಿದರೆ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ. ಅಗ್ಗದ ಡಬ್ಬಿಯ ಮೇಲೆ 450 ವ್ಯಾಟ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅದು 450 ಕೊಡುತ್ತದೆಯೇ? ಅಚ್ಚಿನ ಬೆಲೆ ಅಚ್ಚು ಹಾಕುವ ನಮಗೆ ಗೊತ್ತಿಲ್ಲವೇ! ಕೆಲಸದ ಭಾರದಲ್ಲಿ 12 ವೋಲ್ಟಿನ ತಂತಿ 11.4ಕ್ಕಿಂತ ಕೆಳಗಿಳಿಯಬಾರದು. ಬಲ್ಲವರಿಂದ ಮೀಟರ್ ಹಿಡಿಸಿ, ಅಥವಾ ಗೆಳೆಯರ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನ ತಂದು ಹಾಕಿ ನೋಡಿ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ.

ಇನ್ನು ಯುಪಿಎಸ್. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನೂ ಸಿಕ್ಕಿಸುತ್ತೇವೆ. ಪ್ರಿಂಟರ್ ಬಿಸಿಯಾಗಲು ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಕೈಚೆಲ್ಲುತ್ತದೆ, ಬೈಗುಳ ಕಂಪ್ಯೂಟರಿಗೆ! ಪ್ರಿಂಟರನ್ನು ಇಂದೇ ಬೇರೆ ಪ್ಲಗ್ಗಿಗೆ ಹಾಕಿ. ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿ, ಅರ್ಥಿಂಗ್ ಪರೀಕ್ಷಿಸಿ.

ವಿಂಡೋಸ್‌ನ ದಾಖಲೆಯಲ್ಲಿ "ಕರ್ನಲ್ ಪವರ್ 41" ಎಂದು ಬಂದಿದೆ, ಬೋರ್ಡು ಸುಟ್ಟಿದೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಯಂತ್ರ ಸರಿಯಾಗಿ ಮುಚ್ಚದೆ ಆರಿತು ಎಂದಷ್ಟೇ ಅದರ ಅರ್ಥ. ಏಕೆ ಆರಿತೆಂದು ಅದು ಹೇಳುವುದಿಲ್ಲ.

ಇದೆಲ್ಲ ಮಾಡಿದ ಮೇಲೂ ಆರಿದರೆ ಆಗ ಬೋರ್ಡಿನ ಮಾತು. ಅದರ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ. ಅಲ್ಲಿಯವರೆಗೆ ಒಂದು ಪೈಸೆ ಬಿಚ್ಚಬೇಡಿ!

ನಮ್ಮ ಬೇಡಿಕೆ ದೊಡ್ಡದಲ್ಲ. ರಿಪೇರಿಯವರು ಪೆಟ್ಟಿಗೆ ಬಿಚ್ಚಲಿ, ಅಳೆಯಲಿ, ಏನನ್ನು ಪರೀಕ್ಷಿಸಿದೆವು ಎಂದು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆದು ಕೊಡಲಿ. ಅರ್ಥವಾಗದ ಇಂಗ್ಲಿಷ್ ಬಿಲ್ಲಿಗೆ ದುಡ್ಡು ಎಣಿಸುವುದು ಸಾಕು. ಈ ಪರೀಕ್ಷೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಅಂಗಡಿಯ ಗೋಡೆಗೂ ಅಂಟಿಸೋಣ. ಅಚ್ಚು ಹಾಕುವವರು ನಾವೇ ಅಲ್ಲವೇ?