ಕಲ್ಲಿಗೆ ಕಾವಲುಂಟು, ಮನೆಗೆ?

ಪ್ರಾಚೀನವಾದ ಊರೊಂದರಲ್ಲಿ ಮನೆ ಮಾಡಿಕೊಂಡಿರುವುದು ಪುಣ್ಯವಿಶೇಷವೆಂದು ನನ್ನ ಬೆಳಗಾವಿಯ ಸ್ನೇಹಿತರು ಬಾಯ್ತುಂಬ ಹೇಳುತ್ತಾರೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಗರದ ಬಾಡಿಗೆಯ ಮನೆಯನ್ನು ಬಿಟ್ಟು, ಖಾನಾಪುರ ತಾಲ್ಲೂಕಿನ ಹಲಸಿಗೆ, ನನ್ನ ತಾಯಿಯ ತವರುಮನೆಗೆ ಬಂದು ನೆಲಸಿ ಒಂಬತ್ತು ಮಳೆಗಾಲಗಳಾದುವು. ಬೆಳಗಾವಿಯಿಂದ ಸುಮಾರು 40 ಕಿಲೋಮೀಟರುಗಳ ದಾರಿ. ರವಿವಾರ ಸ್ನೇಹಿತರು ಬರುತ್ತಾರೆ; ಭೂವರಾಹ ನರಸಿಂಹ ದೇವಾಲಯದ ಎದುರುಬದುರಾದ ಗರ್ಭಗುಡಿಗಳನ್ನು ನೋಡಿ ಬೆರಗಾಗುತ್ತಾರೆ; ಜಗುಲಿಯಲ್ಲಿ ಕುಳಿತು ಚಹ ಕುಡಿದು, “ಎಂಥ ಶಾಂತಿ!” ಎಂದು ನಿಟ್ಟುಸಿರಿಟ್ಟು, ಹೊತ್ತು ಮುಳುಗುವುದರೊಳಗಾಗಿ ನಗರಕ್ಕೆ ಮರಳುತ್ತಾರೆ. ಆ ಶಾಂತಿಗೆ ಕಾರಣವೇನೆಂದು ಅವರು ಕೇಳುವುದಿಲ್ಲ. ಊರಿನ ಹರೆಯದವರಲ್ಲಿ ಬಹುಮಂದಿ ಕೆಲಸವನ್ನರಸಿ ಹೊರಟುಹೋಗಿದ್ದಾರೆ ಎಂಬುದೇ ಅದರ ಅರ್ಧ ಕಾರಣ. ಈ ಮಾತನ್ನು ಕುರಿತೇ ನಾಲ್ಕು ಸಾಲು ಬರೆಯಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಹಲಸಿಯ ಹಿರಿಮೆಯನ್ನು ವಾಚಕರಿಗೆ ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿದ್ದ ಪಲಾಶಿಕಾ. ಪಕಾರ ಹಕಾರವಾದ ಕನ್ನಡದ ದಾರಿಯಲ್ಲಿ ಹೆಸರು ಸವೆದು ಇಂದಿನ ರೂಪಕ್ಕೆ ಬಂದಿತು. ಗೋವೆಯ ಕದಂಬರ ಕಾಲಕ್ಕೆ ಹಲಸಿಗೆ ಹನ್ನೆರಡು ಸಾವಿರವೆಂಬ ನಾಡಿಗೆ ಇದೇ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಶಿವಚಿತ್ತ ಪೆರ್ಮಾಡಿ, ವಿಷ್ಣುಚಿತ್ತ ವಿಜಯಾದಿತ್ಯರು ಆಳಿದುದು ಈ ನೆಲವನ್ನೇ. ಇಲ್ಲಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿಯೇ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವಿದೆ. ಇಷ್ಟೆಲ್ಲ ಇತಿಹಾಸ ಬಸ್ಸಿನ ಒಂದೇ ಚೀಟಿಯಲ್ಲಿ ಅಡಗುತ್ತದೆ.

ಇಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಕಳೆದುದರ ಹಿಂದಿನ ಶತಮಾನದಲ್ಲಿ ಫ್ಲೀಟರು ಓದಿ ಪ್ರಕಟಿಸಿದರು. ಅವುಗಳ ಸಂಸ್ಕೃತವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಪರೀಕ್ಷೆಗೆಂದು ಓದಿದ್ದೆ. ಊರಿಗೆ ಬಂದ ಮೇಲೆ ಊರಿಗಾಗಿ ಓದಿದೆ. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿದನಷ್ಟೆ. ಕಟ್ಟಿಸಿ ಸುಮ್ಮನಾಗಲಿಲ್ಲ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗಾಗಿ 33 ನಿವರ್ತನ ಭೂಮಿಯನ್ನು ಬಿಟ್ಟನು. ಅವನ ಮಗ ರವಿವರ್ಮನು ಕಾರ್ತಿಕದ ಪೌರ್ಣಿಮೆಗೆ ಎಂಟು ದಿನಗಳ ಉತ್ಸವ ವರ್ಷ ವರ್ಷವೂ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟಕ್ಕೆ ಕೊರತೆಯಾಗಕೂಡದೆಂದೂ ಕಟ್ಟುಮಾಡಿದನು. ದೇವಗಿರಿಯಲ್ಲಿ ಸಿಕ್ಕ ಮೃಗೇಶವರ್ಮನ ಇನ್ನೊಂದು ಶಾಸನವಂತೂ ದಾನದ ಉದ್ದೇಶವನ್ನು ಹೆಸರಿಟ್ಟು ಹೇಳುತ್ತದೆ: ಗುಡಿಸುವುದಕ್ಕೆ, ಸಾರಿಸುವುದಕ್ಕೆ, ಅರ್ಚನೆಗೆ, ಮುರಿದುದನ್ನು ಸರಿಪಡಿಸುವುದಕ್ಕೆ.

ಈ ಮಾತು ಓದಿದಾಗಲೆಲ್ಲ ನನಗೆ ಸೋಜಿಗವೆನಿಸುತ್ತದೆ. ಒಂದೂವರೆ ಸಾವಿರ ವರ್ಷಗಳ ಹಿಂದಿನ ಅರಸನೊಬ್ಬನಿಗೆ, ಕಟ್ಟಡವು ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಅದನ್ನು ಗುಡಿಸುವವನಿರಬೇಕು, ಗುಡಿಸುವವನಿಗೆ ಹೊಲವಿರಬೇಕು, ಹೊಲವಿದ್ದವನಿಗೆ ಊರಿನಲ್ಲಿ ನಿಲ್ಲಲು ಮನಸ್ಸಿರಬೇಕು. ಗುಡಿಯ ರಕ್ಷಣೆ ಊರಿನ ಬಾಳುವೆಯ ಮೇಲೆ ನಿಂತಿದೆ ಎಂಬ ತತ್ತ್ವ ಆ ತಾಮ್ರದ ತಗಡಿನಲ್ಲಿದೆ. ನಾವು ಇಂದು ಗುಡಿಯನ್ನು ಬೇರೆ, ಊರನ್ನು ಬೇರೆ ಮಾಡಿ ನೋಡುತ್ತಿದ್ದೇವೆ.

ನನ್ನ ಮನೆಯ ಮಗ್ಗುಲಲ್ಲಿ ಒಬ್ಬ ವೃದ್ಧೆಯಿದ್ದಾಳೆ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತದೆ. ಮನೆಯಲ್ಲಿ ಮೊಮ್ಮಕ್ಕಳೊಡನೆ ಮರಾಠಿ, ನನ್ನೊಡನೆ ಕನ್ನಡ. ಎರಡರಲ್ಲಿಯೂ ಒಂದೇ ವೇಗ, ಒಂದೇ ಕಕ್ಕುಲತೆ. ಮಗನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಯೊಂದರ ಕೆಲಸಗಾರ. ಮೊದಲು ದಿನವೂ ಹೋಗಿ ಬರುತ್ತಿದ್ದನು. ರಾತ್ರಿಯ ಪಾಳಿ ಬಂದ ಮೇಲೆ ಹೆಂಡತಿಮಕ್ಕಳೊಡನೆ ಅಲ್ಲಿಯೇ ಕೋಣೆ ಹಿಡಿದನು. ಮೊಮ್ಮಕ್ಕಳು ಈಗ ರಜೆಗೆ ಬರುವ ಅತಿಥಿಗಳು. ಆಯಿಯ ಮನೆ ದಪ್ಪ ಮಣ್ಣಿನ ಗೋಡೆಯದು, ಖಾನಾಪುರದ ಕೆಂಪು ಹಂಚಿನದು. ಖಾನಾಪುರದ ಜೇಡಿಮಣ್ಣು ಮಡಕೆಗೂ ಹಂಚಿಗೂ ಹೆಸರಾದುದೆಂಬುದನ್ನು ಬಲ್ಲವರು ಬಲ್ಲರು. ಆದರೆ ಖಾನಾಪುರದ ಮಳೆಯೂ ಸಾಮಾನ್ಯವಾದುದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನಲ್ಲಿದೆ. ವರ್ಷಕ್ಕೊಮ್ಮೆ ಹಂಚು ಸರಿಪಡಿಸದಿದ್ದರೆ ನೀರು ಗೋಡೆಗಿಳಿಯುತ್ತದೆ. ಗೋಡೆಗಿಳಿದರೆ ಮನೆ ಮೂರು ವರ್ಷ ಬಾಳದು.

ಕಳೆದ ವರ್ಷ ಮೃಗಶಿರಾ ಮಳೆಗೆ ಮುಂಚೆ ಆ ಮನೆಯ ಹಿಂಬದಿಯ ಗೋಡೆ ಕುಸಿಯಿತು. ಅದೇ ವಾರ ನನ್ನ ಸ್ನೇಹಿತರ ತಂಡವೊಂದು ಬಂದಿದ್ದಿತು. ಶಿಲ್ಪದ ಒಂದು ಮೂಲೆ ಮುಕ್ಕಾಗಿರುವುದನ್ನು ಕಂಡು ಅವರು ಬಹಳ ಮರುಗಿದರು, ಪತ್ರಿಕೆಗೆ ಬರೆಯಬೇಕೆಂದರು. ಆಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವರು ಹೋದ ಮೇಲೆ ನನ್ನನ್ನು ಕೇಳಿದಳು:

“ಮಾಸ್ತರ್ರ, ಗುಡಿ ಕಲ್ಲಿಗೆ ಕಾವಲಗಾರ ಅದಾನ. ನಮ್ಮ ಮನಿ ಗ್ವಾಡಿಗೆ ಯಾರದಾರ್ರಿ?”

ನಲವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಾನು ಆ ದಿನ ಸುಮ್ಮನಿದ್ದೆ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದು ಭಾವಿಸಿದರೂ ತಪ್ಪಲ್ಲ.

ನಮ್ಮ ದೇಶದಲ್ಲಿ ಸ್ಮಾರಕಗಳಿಗೆ ಶಾಸನದ ರಕ್ಷಣೆಯುಂಟು. 1958ರ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ರಾಷ್ಟ್ರೀಯ ಮಹತ್ವದ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರುಗಳಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಇದನ್ನು ನಾನು ಹಳಿಯುವುದಿಲ್ಲ. ಇಂಥ ಕಟ್ಟುಪಾಡು ಇಲ್ಲದಿದ್ದರೆ ಎಷ್ಟೋ ಗುಡಿಗಳ ಗೋಡೆಗೆ ಅಂಗಡಿಗಳು ಆತುಕೊಂಡಿರುತ್ತಿದ್ದುವು. ಆದರೆ ಏನು ಮಾಡಕೂಡದೆಂದು ಹೇಳಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ. ಹಳೆಯ ಮನೆಯನ್ನು ಹಳೆಯ ರೀತಿಯಲ್ಲಿಯೇ ದುರಸ್ತಿ ಮಾಡಲು ಬಡವನಿಗೆ ಹಣವೆಲ್ಲಿಯದು, ಕುಶಲಿಯಾದ ಕೆಲಸಗಾರನೆಲ್ಲಿಯವನು ಎಂಬುದಕ್ಕೂ ಯಾರಾದರೂ ಉತ್ತರ ಹೇಳಬೇಕಲ್ಲವೆ?

ಈ ಉತ್ತರವನ್ನು ದೂರದ ನಾಡೊಂದು ಹುಡುಕಿದ ಬಗೆಯನ್ನು ಇಲ್ಲಿ ನೆನೆಯುವುದು ಉಚಿತ. ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋ ನಗರದಿಂದ ಬಹುದೂರವಲ್ಲದ ಫೈಫ್ ಪ್ರಾಂತದಲ್ಲಿ, ಕಡಲಕೋಳಿನ ದಡದ ಮೇಲೆ, ಕಲ್ರಾಸ್ ಎಂದು ಬರೆದು ಕೂರಸ್ ಎಂದು ಉಚ್ಚರಿಸುವ ಪುಟ್ಟ ಊರೊಂದಿದೆ. ಕಲ್ಲಿದ್ದಲು, ಉಪ್ಪುಗಳ ವ್ಯಾಪಾರದಿಂದ ಒಂದು ಕಾಲಕ್ಕೆ ಮೆರೆದು ಆಮೇಲೆ ಬಡವಾದ ಊರು. ಬಿಳಿಯ ಗೋಡೆ, ಕೆಂಪು ಹಂಚಿನ ಸಣ್ಣ ಸಣ್ಣ ಮನೆಗಳು. 1931ರಲ್ಲಿ ಸ್ಥಾಪಿತವಾದ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಮರುವರ್ಷವೇ ಅಲ್ಲಿಯ ಅರಮನೆಯನ್ನು ಕೊಂಡಿತು. ಅರಮನೆಯಷ್ಟರಲ್ಲಿಯೇ ತೃಪ್ತವಾಗದೆ ಬೀಳುಬಿದ್ದ ಸಾಮಾನ್ಯರ ಮನೆಗಳನ್ನೂ ಕೈಗೆತ್ತಿಕೊಂಡಿತು. 1960ರಲ್ಲಿ ಅದು ಫೈಫಿನ ಇಂಥ ಹಳೆಯ ಊರುಗಳಿಗಾಗಿ ‘ಪುಟ್ಟ ಮನೆ’ಗಳ ಯೋಜನೆಯೊಂದನ್ನು ನಡೆಸತೊಡಗಿತು. ಒಂದು ನಿಧಿ, ಅದರಿಂದ ಪಾಳುಮನೆಯನ್ನು ಕೊಂಡು ದುರಸ್ತಿ ಮಾಡುವುದು, ರೂಪ ಕೆಡಿಸಕೂಡದೆಂಬ ಕರಾರಿನ ಮೇಲೆ ವಾಸಿಸುವವರಿಗೆ ಮಾರುವುದು, ಬಂದ ಹಣದಿಂದ ಮುಂದಿನ ಮನೆಯನ್ನು ಕೊಳ್ಳುವುದು. ಹಣ ತಿರುಗುತ್ತಿರುತ್ತದೆ, ಒಲೆಗಳು ಹೊತ್ತಿಕೊಳ್ಳುತ್ತಿರುತ್ತವೆ. ಮೃಗೇಶವರ್ಮನು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನು.

ಪರದೇಶದ ಮಾತು ನಮಗೆ ಹೊಂದುವುದಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಯಥಾವತ್ತಾಗಿ ಹೊಂದದೆಂಬುದು ನಿಜ. ಅದರಲ್ಲೊಂದು ಅಪಾಯವೂ ಉಂಟು: ಚೆಂದವಾದ ಮನೆಗೆ ಬೆಲೆ ಏರುತ್ತದೆ, ಬೆಲೆ ಏರಿದಾಗ ನಗರದ ಹಣವಂತನು ರಜೆಯ ವಿಹಾರಕ್ಕೆಂದು ಅದನ್ನು ಕೊಳ್ಳುತ್ತಾನೆ, ಹಂಚು ಉಳಿದು ಊರವನು ಹೊರಬೀಳುತ್ತಾನೆ. ಆದುದರಿಂದ ನಮ್ಮಲ್ಲಿ ಕರಾರು ಎರಡಿರಬೇಕು. ರೂಪ ಕೆಡಕೂಡದು ಎಂಬುದು ಮೊದಲನೆಯದು. ವರ್ಷವಿಡೀ ವಾಸಿಸುವವನಿಗೆ, ಅದರಲ್ಲಿಯೂ ಊರವನಿಗೆ, ಮೊದಲ ಹಕ್ಕು ಎಂಬುದು ಎರಡನೆಯದು.

ಹಳ್ಳಿಯವನು ಹಳೆಯದನ್ನು ಕಟ್ಟಿಕೊಂಡು ಕತ್ತಲಲ್ಲಿಯೇ ಇರಲಿ ಎಂದು ನಾನು ಹೇಳುತ್ತಿಲ್ಲ. ಆಯಿಗೆ ಬೇಕಾದುದು ಸೋರದ ಮಾಡು, ಹತ್ತಿರದಲ್ಲಿ ವೈದ್ಯ, ಸಂಜೆ ಮಗನನ್ನು ಮನೆಗೆ ತರುವ ಬಸ್ಸು. ಇವು ಚರಿತ್ರೆಗೆ ವಿರೋಧಿಗಳೆಂದು ಯಾರೂ ಹೇಳಲಾರರು. ಕೊನೆಯ ಬಸ್ಸು ಒಂದು ಗಂಟೆ ತಡವಾಗಿ ಬಿಟ್ಟರೆ ಎಷ್ಟು ಕೋಣೆಗಳ ಬಾಡಿಗೆ ಉಳಿದೀತು, ಎಷ್ಟು ಮನೆಗಳ ದೀಪ ಉಳಿದೀತು ಎಂದು ಲೆಕ್ಕ ಹಾಕಿದವರು ಕಡಮೆ. ನಗರ ಸಮೀಪದಲ್ಲಿರುವುದು ಹಳ್ಳಿಗೆ ಶಾಪವೂ ಆಗಬಹುದು, ವರವೂ ಆಗಬಹುದು. ಬೆಳಗ್ಗೆ ಹೋದವನು ರಾತ್ರಿ ಮರಳುವಂತಿದ್ದರೆ ಅದು ವರ.

ಅಧ್ಯಾಪಕ ಮಿತ್ರರಿಗೂ ಒಂದು ವಿಜ್ಞಾಪನೆ. ಮಕ್ಕಳನ್ನು ಪ್ರವಾಸಕ್ಕೆ ಕರೆತರುವಾಗ ಗುಡಿಯೊಂದನ್ನೇ ತೋರಿಸಿ ಮರಳಬೇಡಿ. ಒಂದು ಹಳೆಯ ಮನೆಯ ಒಳಹೊಕ್ಕು, ಮಣ್ಣಿನ ಗೋಡೆ ಬೇಸಗೆಯಲ್ಲಿ ಏಕೆ ತಂಪಾಗಿರುತ್ತದೆ, ಇಳಿಜಾರು ಮಾಡು ಮಳೆಯನ್ನು ಹೇಗೆ ಕಳಿಸುತ್ತದೆ ಎಂದು ಆ ಮನೆಯವರ ಬಾಯಿಂದಲೇ ಕೇಳಿಸಿರಿ. ಅರಸರ ಹೆಸರುಗಳು ಮರೆತುಹೋದಾವು. ಈ ಪಾಠ ಮರೆಯಲಾರದು.

ಆಯಿಯ ಹಿಂಬದಿಯ ಗೋಡೆಯನ್ನು ಓಣಿಯವರು ಕೂಡಿ ಮತ್ತೆ ಎಬ್ಬಿಸಿದೆವು. ಮಗನು ಎರಡು ದಿನ ರಜೆ ಹಾಕಿ ಬಂದನು. ಮಣ್ಣು ಕಲಸುವ ಹದವನ್ನು ಆಯಿಯೇ ಹೇಳಿಕೊಟ್ಟಳು. ಹಂಚು ಸಾಲದೆ ಒಂದು ಮೂಲೆಗೆ ತಗಡು ಹೊದಿಸಿದ್ದೇವೆ. ಮಳೆ ಬಂದಾಗ ಆ ಮೂಲೆಯೊಂದೇ ಸದ್ದು ಮಾಡುತ್ತದೆ. ರಾತ್ರಿ ನಾನು ಎಚ್ಚತ್ತಾಗ ಅದು ಕೇಳಿಸುತ್ತದೆ. ಈ ವರ್ಷ ಅಲ್ಲಿಗೂ ಹಂಚು ತರಬೇಕು.