ನೋಡಿದ ಕೂಲಿಯನ್ನೂ ಕೊಡೋಣ

ಕಳೆದ ಟೊಮೆಟೊ ಸುಗ್ಗಿಯಲ್ಲಿ ನನ್ನ 2009ರ ಡೀಸೆಲ್ ಪಿಕಪ್ ಮುಳಬಾಗಿಲಿನಿಂದ ಕೋಲಾರಕ್ಕೆ ಬರುವ ದಾರಿಯ ಏರಿನಲ್ಲಿ ನಿಂತುಬಿಟ್ಟಿತು. ಹಿಂದೆ 15 ಕಿಲೊದ 70 ಬಾಕ್ಸ್ ಇತ್ತು. ಬೆಳಗಿನ ಹರಾಜಿಗೆ ಎಪಿಎಂಸಿ ಸೇರಬೇಕಿದ್ದ ಮಾಲನ್ನು ಬೇರೆ ಗಾಡಿಗೆ ಹೇರಿ ಕಳಿಸಿದೆ. ಅದಕ್ಕೆ ಎರಡು ವಾರ ಮೊದಲಿನಿಂದಲೇ ಗಾಡಿ ಸೂಚನೆ ಕೊಡುತ್ತಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ, ನಿಂತಲ್ಲೇ ರೇಸು ಏರಿಳಿಯುತ್ತಿತ್ತು, ಲೋಡ್ ಬಿದ್ದರೆ ಎಳೆಯುತ್ತಿರಲಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ಐದೇ ನಿಮಿಷಕ್ಕೆ ತೀರ್ಮಾನವಾಯಿತು: ಇಂಜಿನ್ ಇಳಿಸಬೇಕು, ಪಿಸ್ಟನ್, ರಿಂಗ್, ಹೆಡ್ ಗ್ಯಾಸ್ಕೆಟ್ ಹೊಸದು ಹಾಕಬೇಕು, 65 ಸಾವಿರ ಆಗುತ್ತದೆ. ಇಷ್ಟು ವರ್ಷ ದುಡಿದ ಗಾಡಿ, ಇದ್ದರೂ ಇರಬಹುದು ಎಂದು ನಾನೂ ನಂಬಿ ಸಾಲಕ್ಕೆ ಓಡಾಡತೊಡಗಿದ್ದೆ. ನನ್ನ ಭಾವಮೈದ ಮಾತ್ರ ಬಿಡಲಿಲ್ಲ, ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಕರೆದುಕೊಂಡು ಹೋದ. ಖಾಲಿ ಗಾಡಿ ಹೇಗೋ ಅಲ್ಲಿಯವರೆಗೆ ಓಡಿತು.

ಮೇಸ್ತ್ರಿ ಬಹಳ ಹೊತ್ತು ಸ್ಪ್ಯಾನರ್ ಮುಟ್ಟಲಿಲ್ಲ. ಯಾವಾಗ ನಿಲ್ಲುತ್ತೆ, ಹೊಗೆ ಯಾವ ಬಣ್ಣ, ನೀರು ಕಮ್ಮಿಯಾಗುತ್ತಾ ಎಂದು ಕೇಳಿದರು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿಸಿ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡರು. ನೀರು ಸೇರಿದ ಆಯಿಲ್ ಹಾಲು ಬೆರೆಸಿದಂತೆ ಕಾಣುತ್ತದೆ, ಇದು ಹಾಗಿರಲಿಲ್ಲ. ಆಯಿಲ್ ಹಾಕುವ ಬಾಯಿಗೆ ಅಂಗೈ ಹಿಡಿದರು. ರಿಂಗ್ ಸವೆದ ಇಂಜಿನ್ ಅಲ್ಲಿಂದ ಬುಸುಗುಟ್ಟುತ್ತದೆ, ನನ್ನದು ತಣ್ಣಗೆ ಉಸಿರಾಡುತ್ತಿತ್ತು.

ಆಮೇಲೆ ಡೀಸೆಲ್ ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪು ಕಳಚಿ, ನಡುವೆ ಗೇಣುದ್ದದ ಪಾರದರ್ಶಕ ಟ್ಯೂಬು ಸೇರಿಸಿದರು. ಇಂಜಿನ್ ಓಡುತ್ತಿದ್ದಂತೆ ಟ್ಯೂಬಿನೊಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲುಗಟ್ಟಿ ಹರಿದವು. ‘ಗಾಳಿ ಕುಡೀತಾ ಐತೆ ನೋಡಣ್ಣ’ ಎಂದರು. ಪೈಪಿನ ಜಾಡು ಹಿಡಿದು ಹಿಂದಕ್ಕೆ ಹೋದಾಗ, ಟ್ಯಾಂಕಿನ ಕಡೆಯ ರಬ್ಬರ್ ಹೋಸು ಕ್ಲಿಪ್ಪಿನ ಅಡಿಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಆ ಭಾಗದಲ್ಲಿ ಡೀಸೆಲ್ಲನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಬಿರುಕಿನಲ್ಲಿ ಗಾಳಿ ನುಗ್ಗುತ್ತಿತ್ತು, ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಗಾಳಿ ಸೇರಿದ ಡೀಸೆಲ್ಲಿಗೆ ನಾಝಲ್ ತೆರೆಯುವಷ್ಟು ಒತ್ತಡ ಕಟ್ಟುವುದಿಲ್ಲ. ಹೋಸು ಬದಲಾಯಿಸಿ, ಏರ್ ತೆಗೆಯುವ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿದರು. ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಎದ್ದಿತು.

ಹೋಸು, ಕ್ಲಿಪ್ಪುಗಳಿಗೆ 180 ರೂಪಾಯಿ, ಹಾಕಿದ್ದಕ್ಕೆ 150. ಒಂದೂವರೆ ಗಂಟೆ ಹುಡುಕಿದ್ದಕ್ಕೆ ಎಷ್ಟು ಎಂದು ಕೇಳಿದೆ. ‘ನೋಡಿದ್ದಕ್ಕೆಲ್ಲಾ ಏನು ದುಡ್ಡು, ಬಿಡಣ್ಣ’ ಎಂದರು.

ಆ ಮಾತು ನನ್ನನ್ನು ಈಗಲೂ ಕೊರೆಯುತ್ತಿದೆ. ನಮ್ಮ ಗ್ಯಾರೇಜುಗಳಲ್ಲಿ ಬಿಚ್ಚಿದ್ದಕ್ಕೆ ಕೂಲಿ ಉಂಟು, ಪಾರ್ಟ್ಸ್ ಹಾಕಿದರೆ ಲಾಭ ಉಂಟು, ದೋಷ ಹುಡುಕಿದ್ದಕ್ಕೆ ಮಾತ್ರ ಕಾಸಿಲ್ಲ. ಇದರಲ್ಲಿ ಗಿರಾಕಿಗಳಾದ ನಮ್ಮ ತಪ್ಪೂ ಇದೆ. ‘ಬರೀ ನೋಡಿದ್ದಕ್ಕೆ ದುಡ್ಡಾ?’ ಎಂದು ಜಗಳಕ್ಕೆ ನಿಲ್ಲುವವರು ನಾವೇ. ಹಾಗಿರುವಾಗ ಮನೆ ಬಾಡಿಗೆ ಕಟ್ಟಬೇಕಾದ ಹುಡುಗ ಒಂದೂವರೆ ಗಂಟೆ ಗುಳ್ಳೆ ನೋಡುತ್ತಾ ಯಾಕೆ ಕೂರುತ್ತಾನೆ? ಇಂಜಿನ್ ಇಳಿಸಿದರೆ ಅವನಿಗೆ ಒಂದು ವಾರದ ದುಡಿಮೆ.

ಆದ್ದರಿಂದ ಪ್ರತಿ ಗ್ಯಾರೇಜಿನಲ್ಲೂ ತಪಾಸಣೆಗೆಂದೇ ಒಂದು ದರ ಇರಲಿ, ಅದನ್ನು ಗೋಡೆಯ ಮೇಲೆ ಬರೆಯಲಿ. ಕೊಟ್ಟವರಿಗೆ ಏನೇನು ನೋಡಿದೆವು, ಏನು ಸಿಕ್ಕಿತು ಎಂದು ಚೀಟಿಯಲ್ಲಿ ಬರೆದುಕೊಡಲಿ. ಐಟಿಐಗಳ ಒಂದು ವರ್ಷದ ‘ಮೆಕ್ಯಾನಿಕ್ ಡೀಸೆಲ್’ ತರಗತಿಗಳಿಗೆ ಇಂಥ ಮೇಸ್ತ್ರಿಗಳನ್ನು ಗೌರವಧನ ಕೊಟ್ಟು ಕರೆಯಲಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಸ್ಕ್ಯಾನರ್ ಬೇಕು ನಿಜ. ಆದರೆ ಸ್ಕ್ಯಾನರ್ ಒಂದು ಕೋಡ್ ತೋರಿಸೀತು, ಕ್ಲಿಪ್ಪಿನ ಅಡಿಯ ಬಿರುಕನ್ನು ಕಣ್ಣೇ ಹುಡುಕಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ರಿಪೇರಿ ಕೈಪಿಡಿಗಳು ಕನ್ನಡದಲ್ಲಿ ಹೋಬಳಿ ಗ್ಯಾರೇಜಿನ ಹುಡುಗನ ಕೈಗೆ ತಲುಪಿದರೆ ಆ ಹಕ್ಕಿಗೆ ಬೆಲೆ ಬಂದೀತು.

ಅವತ್ತು ಹೊರಡುವಾಗ ಮೇಸ್ತ್ರಿಯ ಜೇಬಿಗೆ 500 ರೂಪಾಯಿ ಬೇರೆಯಾಗಿ ಇಟ್ಟು, ‘ಇದು ನೋಡಿದ್ದಕ್ಕೆ’ ಎಂದೆ. ಅವರು ತೆಗೆದು ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಅದೇ ಏರನ್ನು 70 ಬಾಕ್ಸ್ ಹೊತ್ತು ಹತ್ತಿ, ಹರಾಜು ಕೂಗುವ ಮೊದಲೇ ಮಂಡಿ ಸೇರಿದ್ದೆ.