ಸರ್ಜನ್‌ಗಳಿಗೂ ಪರೀಕ್ಷೆ ಇರಲಿ, ಪುಸ್ತಕ ನೋಡಿಕೊಂಡೇ ಬರೆಯಲಿ

ನೀಟ್ ಬರೆದು ಮೆಡಿಕಲ್ ಸೀಟು ಸಿಕ್ಕಿದರೆ ಪರೀಕ್ಷೆಗಳ ಕಾಟ ಮುಗಿಯಿತು ಎಂದು ನಮ್ಮ ಸೈನ್ಸ್ ವಿಭಾಗದ ಹಲವರು ನಂಬಿದ್ದಾರೆ. ಮುಗಿಯುವುದಿಲ್ಲ! ಸರ್ಜನ್ ಆಗಬೇಕಾದರೆ ಎಂಬಿಬಿಎಸ್ ನಂತರ ನೀಟ್ ಪಿಜಿ, ಆಮೇಲೆ 3 ವರ್ಷ ಎಂಎಸ್ ಅಥವಾ ಡಿಎನ್‌ಬಿ. ಡಿಎನ್‌ಬಿಯಲ್ಲಿ ತಲಾ 100 ಅಂಕಗಳ 4 ಲಿಖಿತ ಪತ್ರಿಕೆಗಳು. ಒಟ್ಟು 400ರಲ್ಲಿ 200 ಬಾರದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಬಿಡುವುದೇ ಇಲ್ಲ.

"ಚಾಕು ಹಿಡಿಯುವವರಿಗೆ ಪೆನ್ನಿನ ಪರೀಕ್ಷೆ ಯಾಕೆ?" ಎಂದು ಗೆಳೆಯನೊಬ್ಬ ಕೇಳಿದ. ಹೊಲಿಗೆ ಹಾಕುವ ಕೈಚಳಕವನ್ನು ಉತ್ತರ ಪತ್ರಿಕೆಯಲ್ಲಿ ಅಳೆಯಲಾಗದು, ಒಪ್ಪುತ್ತೇನೆ. ಆದರೆ ಕೊಯ್ಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕೈ ಅಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯುವವರು ಮರದಿಂದ ಬೀಳುವುದು ನಮಗೆ ಹೊಸ ಸುದ್ದಿಯಲ್ಲ. ಹಾಗೆ ಬಿದ್ದವರ ಹೊಟ್ಟೆಯೊಳಗೆ ಗುಲ್ಮ, ಅಂದರೆ ಸ್ಪ್ಲೀನ್, ಹರಿದಿರಬಹುದು. ಹಿಂದೆ ಹೊಟ್ಟೆ ತೆರೆದು ಅದನ್ನು ತೆಗೆದುಹಾಕುವುದೇ ರೂಢಿ. ಈಗ ರಕ್ತದೊತ್ತಡ ಸ್ಥಿರವಾಗಿದ್ದರೆ ಸಿಟಿ ಸ್ಕ್ಯಾನ್ ಮಾಡಿ, ಆಪರೇಷನ್ ಮಾಡದೆ ಆಸ್ಪತ್ರೆಯಲ್ಲೇ ನಿಗಾ ಇಡುತ್ತಾರೆ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ. ಗುಲ್ಮ ಕಳೆದುಕೊಂಡವರಿಗೆ ಕೆಲವು ಸೋಂಕುಗಳ ಅಪಾಯ ಜೀವಮಾನವಿಡೀ ಉಳಿಯುತ್ತದೆ, ಅದಕ್ಕೆ ಲಸಿಕೆ ಹಾಕಿಸಬೇಕು. 40 ವರ್ಷದ ಹಿಂದೆ ಪಾಸಾದವರ ಕೈ ಇಂದಿಗೂ ಚುರುಕಾಗಿರಬಹುದು, ಪಾಠ ಮಾತ್ರ ಬದಲಾಗಿದೆ.

ನನ್ನ ತಕರಾರು ಇಲ್ಲಿದೆ. ನಮ್ಮ ದೇಶದಲ್ಲಿ ಒಮ್ಮೆ ಪಾಸಾದ ಸರ್ಜನ್ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಕರ್ನಾಟಕದಲ್ಲಿ ನೋಂದಣಿ ನವೀಕರಣಕ್ಕೆ ಸಮ್ಮೇಳನ, ಕಾರ್ಯಾಗಾರಗಳ ಕ್ರೆಡಿಟ್ ಕೇಳುತ್ತಾರೆ, ಅಷ್ಟೆ. ಹಾಜರಿ ಹಾಕಿದ ಮಾತ್ರಕ್ಕೆ ಪಾಠ ತಲೆಗೆ ಹೋಗುತ್ತದೆಯೇ ಎಂಬುದು ಕೊನೇ ಬೆಂಚಿನವರಾದ ನಮಗೆ ಚೆನ್ನಾಗಿ ಗೊತ್ತು.

1937ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಮೊದಲು ಲಿಖಿತ, ನಂತರ ಮೌಖಿಕ ಪರೀಕ್ಷೆ ನಡೆಸುತ್ತದೆ. ಪಾಸಾದವರೂ ಆ ಪ್ರಮಾಣಪತ್ರ ಉಳಿಸಿಕೊಳ್ಳಲು 2 ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ, ಪುಸ್ತಕ ನೋಡಿಕೊಂಡೇ, ಒಂದು ಪರೀಕ್ಷೆ ಬರೆಯಬೇಕು. ಅಂಥದ್ದು ಇಲ್ಲಿಗೂ ಬರಬೇಕು ಎಂಬುದು ನನ್ನ ಅಭಿಪ್ರಾಯ.

ತಾಲ್ಲೂಕು ಆಸ್ಪತ್ರೆಯ ಸರ್ಜನ್‌ಗೆ ಪುರುಸೊತ್ತು ಎಲ್ಲಿದೆ ಎನ್ನಬಹುದು. ನಿಜ. ಅದಕ್ಕೇ ಅವರನ್ನು ಬೆಂಗಳೂರಿಗೆ ಕರೆಸದೆ, ಇರುವ ಊರಿನಲ್ಲೇ ಬರೆಯಲು ಬಿಡಬೇಕು. ಉತ್ತರ ತಪ್ಪಾದರೆ ಯಾಕೆ ತಪ್ಪು ಎಂದು ಕೂಡಲೇ ತಿಳಿಸಬೇಕು. ಫೇಲಾದರೆ ಕೆಲಸ ಕಿತ್ತುಕೊಳ್ಳುವುದು ಬೇಡ, ಇನ್ನೊಮ್ಮೆ ಬರೆಸಲಿ. ಇರುವ ಒಬ್ಬ ಸರ್ಜನ್ನೂ ಹೋದರೆ, ತೋಟದಲ್ಲಿ ಬಿದ್ದವರನ್ನು ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೇ ಒಯ್ಯಬೇಕಾಗುತ್ತದೆ.